ಮಂಡಲದ ಹಾವಿನ ಕಡಿತವೂ ರಕ್ತವು ಹೆಪ್ಪುಗಟ್ಟುವ ಪರೀಕ್ಷೆಯೂ

ಹೊಲಗದ್ದೆಗಳಲ್ಲಿ ದುಡಿಯುವ ಜನರಿಗೆ ಹಾವಿನ ಭಯವು ಹೊಸದಲ್ಲ. ಬತ್ತದ ಕೊಯ್ಲಿನಲ್ಲಿ ಪೈರಿನ ಬುಡಕ್ಕೆ ಕೈ ಹಾಕಿದಾಗ, ಬಣವೆಯಿಂದ ಹುಲ್ಲು ಹಿರಿಯುವಾಗ, ಕಿತ್ತು ಗುಡ್ಡೆ ಹಾಕಿದ ಕಡಲೆಕಾಯಿ ಗಿಡಗಳನ್ನು ಎತ್ತುವಾಗ, ರಾತ್ರಿಯಲ್ಲಿ ಬರಿಗಾಲಿನಿಂದ ಬದುವಿನ ಮೇಲೆ ನಡೆದು ಗದ್ದೆಗೆ ನೀರು ಕಟ್ಟುವಾಗ ಹಾವು ಕಡಿಯುವ ಸಂಭವವು ಹೆಚ್ಚು. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದೇಶದಲ್ಲಿ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವಿನ ಕಡಿತದಿಂದ ಮೃತರಾದರೆಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಗಣನೆಯಿಂದ ತಿಳಿದುಬಂದಿದೆ. ಇವರಲ್ಲಿ ಬಹುಮಂದಿ ಹಳ್ಳಿಗಳವರು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಯನ್ನು ಸೇರದೆ ಮನೆಯಲ್ಲಿಯೇ ಪ್ರಾಣಬಿಟ್ಟವರು. ಒಟ್ಟು ಸಾವುಗಳಲ್ಲಿ ಅರ್ಧದಷ್ಟು ಜೂನ್ ತಿಂಗಳಿಂದ ಸೆಪ್ಟೆಂಬರ್ ತಿಂಗಳೊಳಗೆ, ಬಿತ್ತನೆ ನಾಟಿ ಕಳೆಗಳ ಕಾಲದಲ್ಲಿ, ಸಂಭವಿಸಿದುವು. ಸತ್ತವರಲ್ಲಿ ಅರ್ಧದಷ್ಟು ಜನರು 30 ವರ್ಷಕ್ಕೂ 69 ವರ್ಷಕ್ಕೂ ನಡುವಣ ವಯಸ್ಸಿನವರು. ಒಂದು ಒಕ್ಕಲು ನಡೆಯುವುದು ಈ ವಯಸ್ಸಿನವರ ರಟ್ಟೆಯ ಬಲದಿಂದಲೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾವಿನ ವಿಷಕ್ಕೆ ನಿಜವಾದ ಔಷಧವು ಒಂದೇ; ಅದು ಪ್ರತಿವಿಷ. ಆದರೆ ಆ ಔಷಧವನ್ನು ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು, ಮತ್ತೆ ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರು ಕಣ್ಣಂದಾಜಿನಿಂದ ನಿಶ್ಚಯಿಸಲಾರರು. ಮಂಡಲದ ಜಾತಿಯ ಹಾವುಗಳ ವಿಷಯದಲ್ಲಿ ಈ ಪ್ರಶ್ನೆಗಳಿಗೆಲ್ಲ ಬಹುಮಟ್ಟಿಗೆ ಉತ್ತರ ಕೊಡುವ ಒಂದು ಸುಲಭವಾದ ಪರೀಕ್ಷೆಯಿದೆ. ಅದಕ್ಕೆ ಬೇಕಾದುದು ಒಂದು ಗಾಜಿನ ಕೊಳವೆ, ಒಂದು ಗಡಿಯಾರ, ಇಪ್ಪತ್ತು ನಿಮಿಷಗಳ ತಾಳ್ಮೆ. ಪರೀಕ್ಷೆಯನ್ನು ಮಾಡುವ ಕೆಲಸವು ವೈದ್ಯರದೂ ದಾದಿಯರದೂ ಆಗಿದ್ದರೂ, ಅದರ ತತ್ತ್ವವನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ. ಏಕೆಂದರೆ ಕಡಿತಕ್ಕೆ ಒಳಗಾದ ಆಳನ್ನು ಎಲ್ಲಿಗೆ ಕರೆದೊಯ್ಯಬೇಕು, ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಇರಿಸಬೇಕು ಎಂಬ ನಿರ್ಣಯವು ಹಳ್ಳಿಗಳಲ್ಲಿ ಅನೇಕ ವೇಳೆ ಇವರ ಮಾತಿನ ಮೇಲೆಯೇ ನಿಂತಿರುತ್ತದೆ.

ಹಾವುಗಳ ಎರಡು ಪಂಗಡ

ಕನ್ನಡ ನಾಡಿನ ಬಯಲುಸೀಮೆಯಲ್ಲಿ ಮನುಷ್ಯರ ಪ್ರಾಣಕ್ಕೆ ಅಪಾಯವನ್ನು ತರುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರಹಾವು, ಕೆಲವೆಡೆ ಕಡಂಬಳವೆಂದು ಕರೆಯುವ ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮೊದಲಿನ ಎರಡರ ವಿಷವು ನರಗಳ ಮೇಲೆ ಕೆಲಸಮಾಡಿ ರೆಪ್ಪೆಗಳನ್ನು ಇಳಿಬೀಳಿಸಿ, ನುಂಗುವ ಶಕ್ತಿಯನ್ನು ಕೆಡಿಸಿ, ಕೊನೆಗೆ ಉಸಿರಾಟವನ್ನು ನಿಲ್ಲಿಸುವುದು. ಮಂಡಲಗಳ ವಿಷವಾದರೋ ಮುಖ್ಯವಾಗಿ ರಕ್ತದ ಮೇಲೆ ಕೆಲಸಮಾಡುವುದು. ಈ ಲೇಖನದ ವಿಷಯವು ಈ ಎರಡನೆಯ ಪಂಗಡ.

ಕೊಳಕುಮಂಡಲವು ದಪ್ಪ ಮೈಯ, ಮೊಂಡುಬಾಲದ ಹಾವು. ಕಂದು ಮೈಮೇಲೆ ಕಪ್ಪಂಚಿನ ಮಚ್ಚೆಗಳು ಸರಪಣಿಯಂತೆ ಮೂರು ಸಾಲಾಗಿ ಇರುತ್ತವೆ. ತಲೆಯು ಮುಕ್ಕೋಣಾಕಾರವಾಗಿದೆ. ಕೆಣಕಿದರೆ ಕಮ್ಮಾರನ ತಿದಿಯಂತೆ ದೊಡ್ಡದಾಗಿ ಬುಸುಗುಟ್ಟುವುದು. ಬದುವಿನ ಪೊದೆ, ಕತ್ತಾಳೆಯ ಬೇಲಿ, ಹುಲ್ಲಿನ ಮೆದೆ ಮುಂತಾಗಿ ಇಲಿಗಳಿರುವ ಕಡೆಯಲ್ಲೆಲ್ಲ ಇದು ಇರಬಹುದು. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುವುದು. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಮರಿಗಳಿರುವುದುಂಟು. ಮರಿಗಳನ್ನು ಹೆಬ್ಬಾವಿನ ಮರಿಯೆಂದೋ ಮಣ್ಣುಮುಕ್ಕವೆಂದೋ ಭಾವಿಸಿ ಕೈಯಲ್ಲಿ ಹಿಡಿದು ಕಡಿಸಿಕೊಂಡವರುಂಟು. ಮರಿಯ ವಿಷವೂ ವಿಷವೇ. ಗರಗಸಮಂಡಲವು ಒಂದೆರಡು ಅಡಿಗಳಿಗಿಂತ ಹೆಚ್ಚು ಬೆಳೆಯದ ಚಿಕ್ಕ ಹಾವು. ಒಣ ಭೂಮಿಯಲ್ಲಿಯೂ ಕಲ್ಲುಗುಡ್ಡೆಗಳಲ್ಲಿಯೂ ವಾಸಿಸುತ್ತದೆ. ಇದು ಮೈಯನ್ನು ಸುರುಳಿಸುತ್ತಿಕೊಂಡು ಪಕ್ಕದ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಿಂದ ಕೊಯ್ದಂತಹ ಸದ್ದು ಮಾಡುವುದರಿಂದ ಈ ಹೆಸರು ಸಾರ್ಥಕವಾಗಿದೆ.

ಇಂಗ್ಲಿಷಿನಲ್ಲಿ ಕೊಳಕುಮಂಡಲವನ್ನು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನ ಹೆಸರಿನಿಂದ ಕರೆಯುವರು. ಈತನು ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಕೋರಮಂಡಲ ತೀರದ ಹಾವುಗಳನ್ನು ಸಂಗ್ರಹಿಸಿ, ಅವುಗಳ ವಿಷಯವಾಗಿ ಬರೆದ ಗ್ರಂಥವನ್ನು 1796ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅದಕ್ಕೂ ನಾಲ್ಕು ಶತಮಾನಗಳ ಹಿಂದೆಯೇ, 14ನೆಯ ಶತಮಾನದಲ್ಲಿ, ಮಂಗರಾಜನು ವಿಷವೈದ್ಯವನ್ನು ಕುರಿತು ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ್ದನು. ವಿಷದ ವಿಚಾರವು ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದೇ ಸಾಕ್ಷಿ. ಆದರೆ ಮಂಡಲದ ವಿಷವು ರಕ್ತದೊಳಗೆ ಏನನ್ನು ಮಾಡುವುದೆಂಬುದು ಸ್ಪಷ್ಟವಾದುದು 20ನೆಯ ಶತಮಾನದಲ್ಲಿ.

ವಿಷವು ರಕ್ತವನ್ನು ಕೆಡಿಸುವ ಬಗೆ

ಮೈಗೆ ಗಾಯವಾದಾಗ ರಕ್ತವು ಸ್ವಲ್ಪ ಹೊತ್ತು ಸುರಿದು, ಅನಂತರ ಗಟ್ಟಿಯಾಗಿ ಗಾಯದ ಬಾಯನ್ನು ಮುಚ್ಚುವುದು ಎಲ್ಲರೂ ಕಂಡಿರುವ ಸಂಗತಿ. ರಕ್ತದ ನೀರಿನಲ್ಲಿ ಫೈಬ್ರಿನೊಜೆನ್ ಎಂಬ ಒಂದು ಪದಾರ್ಥವು ಕರಗಿರುತ್ತದೆ. ಗಾಯವಾದೊಡನೆ ರಕ್ತದಲ್ಲಿರುವ ಬೇರೆ ಹಲವು ಅಂಶಗಳು ಒಂದರ ಹಿಂದೊಂದು ಎಚ್ಚೆತ್ತು, ಕೊನೆಗೆ ಈ ಪದಾರ್ಥವನ್ನು ನಾರು ನಾರಾಗಿ ಮಾಡುವುವು. ಆ ನಾರುಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಹೆಪ್ಪಾಗುವುದು. ಹಾಲಿಗೂ ರಕ್ತಕ್ಕೂ ಕನ್ನಡದಲ್ಲಿ ‘ಹೆಪ್ಪು’ ಎಂಬ ಒಂದೇ ಮಾತನ್ನು ಬಳಸುವುದು ತಕ್ಕುದಾಗಿಯೇ ಇದೆ.

ಮಂಡಲದ ವಿಷದಲ್ಲಿ ಈ ಅಂಶಗಳನ್ನು ಗಾಯವಿಲ್ಲದೆಯೇ ಎಚ್ಚರಗೊಳಿಸುವ ವಸ್ತುಗಳಿವೆ. ಕೊಳಕುಮಂಡಲದ ವಿಷವು ವೈದ್ಯರು ಹತ್ತನೆಯ ಅಂಶ, ಐದನೆಯ ಅಂಶ ಎಂದು ಕರೆಯುವ ಎರಡನ್ನು ಎಬ್ಬಿಸುವುದು. ಗರಗಸಮಂಡಲದ ವಿಷವು ಪ್ರೋಥ್ರಾಂಬಿನ್ ಎಂಬುದನ್ನು ನೇರವಾಗಿ ಮುಟ್ಟುವುದು. ಇದರ ಫಲವಾಗಿ ಮೈಯೊಳಗೆ ಹರಿಯುತ್ತಿರುವ ರಕ್ತದಲ್ಲಿಯೇ ಅಲ್ಲಲ್ಲಿ ಸೂಕ್ಷ್ಮವಾಗಿ ಹೆಪ್ಪುಗಟ್ಟುವ ಕೆಲಸವು ನಡೆದು, ಫೈಬ್ರಿನೊಜೆನ್ ಎಲ್ಲವೂ ವ್ಯರ್ಥವಾಗಿ ಖರ್ಚಾಗಿಬಿಡುವುದು. ಕಣಜದ ಬಿತ್ತನೆಯ ಬೀಜವನ್ನೆಲ್ಲ ಅಕಾಲದಲ್ಲಿ ಚೆಲ್ಲಿಬಿಟ್ಟರೆ ಹದವಾದ ಮಳೆ ಬಂದಾಗ ಬಿತ್ತುವುದಕ್ಕೆ ಒಂದು ಹಿಡಿಯೂ ಉಳಿಯದಿರುವಂತೆ, ನಿಜವಾಗಿ ಗಾಯವಾದಾಗ ಹೆಪ್ಪುಗಟ್ಟಲು ರಕ್ತದಲ್ಲಿ ಸಾಮಗ್ರಿಯೇ ಉಳಿದಿರುವುದಿಲ್ಲ. ರಕ್ತವನ್ನು ಹೆಪ್ಪುಗಟ್ಟಿಸುವ ವಿಷದಿಂದಲೇ ರಕ್ತವು ಹೆಪ್ಪುಗಟ್ಟದಂತಾಗುವ ಈ ವಿಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುವುದು. ಇದೇ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕರಗಿಸಿ ಹೊರಗಿನಿಂದ ಹಚ್ಚಿದರೆ ರಕ್ತಸ್ರಾವವು ನಿಲ್ಲುವುದೆಂದು 1934ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್, ಬಾರ್ನೆಟ್ ಎಂಬಿಬ್ಬರು ತೋರಿಸಿದರು. ಇವರಲ್ಲಿ ಎರಡನೆಯವರು ಅಲ್ಲಿಯ ಪ್ರಾಣಿಸಂಗ್ರಹಾಲಯದಲ್ಲಿ ಸರ್ಪಗಳ ಅಧಿಕಾರಿಯಾಗಿದ್ದರು. ಇಂದಿಗೂ ಕೊಳಕುಮಂಡಲದ ವಿಷವನ್ನು ದೊಡ್ಡ ಪ್ರಯೋಗಶಾಲೆಗಳಲ್ಲಿ ರಕ್ತದ ಬೇರೆ ರೋಗಗಳ ಪರೀಕ್ಷೆಗಾಗಿ ಉಪಯೋಗಿಸುತ್ತಾರೆ.

ಕಡಿತಕ್ಕೆ ಒಳಗಾದವನಲ್ಲಿ ಈ ಕೇಡು ಹೊರಗೆ ಕಾಣುವ ರೀತಿಯು ಹಲವು. ಕಡಿದ ಜಾಗವು ಬಹಳವಾಗಿ ಊದಿ ನೋಯುವುದು, ಹಲ್ಲು ಊರಿದ ಗಾಯದಿಂದ ರಕ್ತವು ನಿಲ್ಲದೆ ಜಿನುಗುವುದು, ವಸಡುಗಳಲ್ಲಿ ರಕ್ತ ಕಾಣಿಸುವುದು, ಮೂತ್ರವು ಕೆಂಪಾಗುವುದು. ತಲೆಯೊಳಗೆ ರಕ್ತಸ್ರಾವವಾದರೆ ಅಂಗಸ್ವಾಧೀನ ತಪ್ಪುವುದು, ಇಲ್ಲವೆ ಮರಣ. ಕೊಳಕುಮಂಡಲದ ವಿಷವು ಇದರ ಜೊತೆಗೆ ಮೂತ್ರಪಿಂಡಗಳನ್ನೂ ಕೆಡಿಸುವುದು. ಮೂತ್ರವು ದಿನೇ ದಿನೇ ಕಡಮೆಯಾಗಿ ನಿಂತೇಹೋಗಿ, ಯಂತ್ರದ ಮೂಲಕ ರಕ್ತವನ್ನು ಶುದ್ಧಿಮಾಡಬೇಕಾದ ಸ್ಥಿತಿಗೆ ಬಂದ ರೈತರು ದಕ್ಷಿಣ ದೇಶದ ಆಸ್ಪತ್ರೆಗಳಲ್ಲಿ ಅಪರೂಪವಲ್ಲ.

ಆದರೆ ಈ ಚಿಹ್ನೆಗಳೆಲ್ಲ ಕೂಡಲೇ ಕಾಣಿಸಿಕೊಳ್ಳಬೇಕೆಂಬ ನಿಯಮವಿಲ್ಲ. ರಕ್ತವು ಪೂರಾ ಕೆಟ್ಟಿದ್ದರೂ ರೋಗಿಯು ಎದ್ದು ಕುಳಿತು ಮಾತನಾಡುತ್ತಿರಬಹುದು. ಮೋಸವಾಗುವುದು ಇಲ್ಲಿಯೇ. ಸಂಜೆ ಹುಲ್ಲು ಹಿರಿಯುವಾಗ ಆಳೊಬ್ಬನಿಗೆ ಕಡಿತವಾಗುತ್ತದೆ; ಕಾಲು ಸ್ವಲ್ಪ ಊದಿರುತ್ತದೆ, ಮಾತು ಸರಿಯಾಗಿಯೇ ಇರುತ್ತದೆ; ‘ಏನೂ ಆಗಿಲ್ಲ, ಬೆಳಗ್ಗೆ ನೋಡೋಣ’ ಎಂದು ಮನೆಯವರು ಮಲಗಿಸುತ್ತಾರೆ. ಬೆಳಗಾಗುವುದರೊಳಗೆ ಬಾಯಿಂದ ರಕ್ತ ಬಂದಿರುತ್ತದೆ. ಇಂತಹ ರಾತ್ರಿಗಳನ್ನು ಬಲ್ಲ ಗ್ರಾಮಗಳು ಅನೇಕ. ಹೊರಗೆ ಏನೂ ಕಾಣದಿರುವ ಆ ಕೆಲವು ಗಂಟೆಗಳಲ್ಲಿ ಒಳಗಿನ ಸ್ಥಿತಿಯನ್ನು ತಿಳಿಸುವ ಸಾಧನವೇ ಗಾಜಿನ ಕೊಳವೆಯ ಪರೀಕ್ಷೆ.

ಪರೀಕ್ಷೆಯ ಕ್ರಮ

ಈ ಪರೀಕ್ಷೆಯನ್ನು ರೂಢಿಗೆ ತಂದವರು ಡೇವಿಡ್ ವಾರೆಲ್ ಎಂಬ ಆಂಗ್ಲ ವೈದ್ಯರೂ ಅವರ ಸಹೋದ್ಯೋಗಿಗಳೂ. ಆಫ್ರಿಕಾ ಖಂಡದ ನೈಜೀರಿಯಾ ದೇಶದಲ್ಲಿ ಗರಗಸಮಂಡಲದ ಜಾತಿಯ ಹಾವಿನಿಂದ ಕಡಿತಕ್ಕೆ ಒಳಗಾದ ರೈತರಿಗೆ ಚಿಕಿತ್ಸೆ ಮಾಡಿ, ತಮ್ಮ ಅನುಭವವನ್ನು ಅವರು 1977ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯಿಲ್ಲದ ಊರಿನಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಮಾಡಬಹುದಾದ ಪರೀಕ್ಷೆಯು ಬೇಕಾಗಿದ್ದುದರಿಂದ ಇದು ಬೆಳೆದುಬಂದಿತು. ಭಾರತ ಸರ್ಕಾರದ ಚಿಕಿತ್ಸಾಕ್ರಮದಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯವರ ಸೂಚನೆಗಳಲ್ಲಿಯೂ ಇದಕ್ಕೆ ಸ್ಥಾನವಿದೆ.

ಕ್ರಮವು ಹೀಗೆ. ರೋಗಿಯ ರಕ್ತನಾಳದಿಂದ ಸುಮಾರು 2 ಮಿಲಿಲೀಟರ್ ರಕ್ತವನ್ನು ತೆಗೆದು, ಹೊಸದಾದ, ಶುಚಿಯಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ, ನೆಟ್ಟಗೆ ನಿಲ್ಲಿಸಿ, ಸಾಧಾರಣ ಹವೆಯಲ್ಲಿಯೇ 20 ನಿಮಿಷಗಳ ಕಾಲ ಅಲುಗಾಡಿಸದೆ ಬಿಡತಕ್ಕದ್ದು. ಅನಂತರ ಕೊಳವೆಯನ್ನು ಒಂದೇ ಸಲ ಬಾಗಿಸಿ ನೋಡತಕ್ಕದ್ದು. ರಕ್ತವು ಗಟ್ಟಿಯಾಗಿ ತಳದಲ್ಲಿಯೇ ನಿಂತಿದ್ದರೆ ಹೆಪ್ಪುಗಟ್ಟುವ ಶಕ್ತಿಯು ಉಳಿದಿದೆಯೆಂದು ಅರ್ಥ. ನೀರಿನಂತೆ ಹರಿದುಬಂದರೆ ಫೈಬ್ರಿನೊಜೆನ್ ಬಹುಮಟ್ಟಿಗೆ ತೀರಿಹೋಗಿದೆಯೆಂದೂ, ಮಂಡಲದ ವಿಷವು ಮೈಯಲ್ಲಿ ಸೇರಿದೆಯೆಂದೂ ತಿಳಿಯತಕ್ಕದ್ದು.

ಇಷ್ಟು ಸುಲಭವಾದ ಕೆಲಸದಲ್ಲಿಯೂ ತಪ್ಪುಗಳಾಗುವುದುಂಟು. ಕೊಳವೆಯು ಗಾಜಿನದೇ ಆಗಿರಬೇಕು. ಗಾಜು ತಗಲಿದೊಡನೆ ಹೆಪ್ಪುಗಟ್ಟುವ ಅಂಶಗಳು ಎಚ್ಚೆತ್ತುಕೊಳ್ಳುವುದೇ ಈ ಪರೀಕ್ಷೆಯ ಆಧಾರ. ಪ್ಲಾಸ್ಟಿಕ್ಕಿಗೆ ಆ ಗುಣವಿಲ್ಲವಾದುದರಿಂದ ಅದರಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ನಿಲ್ಲಬಹುದು. ಒಮ್ಮೆ ಬಳಸಿ ಸೋಪಿನ ಪುಡಿಯಿಂದ ತೊಳೆದಿಟ್ಟ ಗಾಜೂ ಕೆಲಸಕ್ಕೆ ಬಾರದು. ತೊಳೆದ ಪುಡಿಯ ಅಂಟು ಉಳಿದು ಫಲವನ್ನು ಕೆಡಿಸುವುದು. ಬೇರೆ ಪರೀಕ್ಷೆಗಳಿಗಾಗಿ ಔಷಧವನ್ನು ಹಾಕಿಟ್ಟ ಕೊಳವೆಗಳಂತೂ ಕೂಡವೇ ಕೂಡದು. ಅವುಗಳಲ್ಲಿ ಕೆಲವು ಇರುವುದೇ ರಕ್ತವು ಹೆಪ್ಪುಗಟ್ಟದಿರಲೆಂದು. ಮೊಸರಿಗೆ ಹೆಪ್ಪು ಹಾಕಿದ ಗೃಹಿಣಿಯು ಆಯಿತೇ ಎಂದು ಗಳಿಗೆಗೊಮ್ಮೆ ಮಡಕೆಯನ್ನು ಅಲ್ಲಾಡಿಸಿ ನೋಡುವುದಿಲ್ಲ. ಇಲ್ಲಿಯೂ ಹಾಗೆಯೇ, ನಡುವೆ ಕೊಳವೆಯನ್ನು ಅಲುಗಿಸಿದರೆ ಪರೀಕ್ಷೆಯು ಕೆಡುವುದು. ಸಂದೇಹವಿದ್ದಲ್ಲಿ ಆರೋಗ್ಯವಂತನೊಬ್ಬನ ರಕ್ತವನ್ನು ಅದೇ ಬಗೆಯ ಇನ್ನೊಂದು ಕೊಳವೆಯಲ್ಲಿ ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು ಉತ್ತಮ. ಇದಕ್ಕಾಗಿ ರೋಗಿಯ ಸಂಗಡ ಬಂದವನನ್ನು ಕೈಚಾಚೆಂದು ಕೇಳಿದರೆ ಅವನು ಹಿಂಜರಿಯಬೇಕಾದ ಕಾರಣವೇನೂ ಇಲ್ಲ.

ಈ ಪರೀಕ್ಷೆಯನ್ನು ಹಳ್ಳಿಯ ಮನೆಯಲ್ಲಿ ಮಾಡಲು ಯತ್ನಿಸುವುದು ಸರ್ವಥಾ ಕೂಡದು. ಇಪ್ಪತ್ತು ನಿಮಿಷಗಳು ಆಸ್ಪತ್ರೆಯ ದಾರಿಯಲ್ಲಿ ಕಳೆಯಬೇಕಾದ ಇಪ್ಪತ್ತು ನಿಮಿಷಗಳು.

ಫಲವನ್ನು ನೋಡಿ ಚಿಕಿತ್ಸೆಯನ್ನು ನಡೆಸುವ ಬಗೆ

ಪ್ರತಿವಿಷವನ್ನು ಕುದುರೆಗಳ ರಕ್ತದಿಂದ ತಯಾರುಮಾಡುತ್ತಾರೆ. ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ವಿಷವನ್ನು ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ವಿಷನಿರೋಧಕ ಪದಾರ್ಥವನ್ನು ಬೇರ್ಪಡಿಸಿ ಸೀಸೆಗಳಲ್ಲಿ ತುಂಬುವರು. ಭಾರತದಲ್ಲಿ ಸಿಕ್ಕುವ ಪ್ರತಿವಿಷವು ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೂ ಒಟ್ಟಾಗಿ ಮಾಡಿದ್ದು. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲನ್ನು ಒದಗಿಸುತ್ತ ಬಂದವರು ಚೆನ್ನೈ ಸಮೀಪದ ಇರುಳ ಜನಾಂಗದ ಹಾವು ಹಿಡಿಯುವವರು; ಅವರ ಸಹಕಾರ ಸಂಘವು 1978ರಲ್ಲಿ ಸ್ಥಾಪಿತವಾಯಿತು.

ಹೊರಗಿನ ಪ್ರಾಣಿಯ ರಕ್ತದಿಂದ ಬಂದುದಾದ ಕಾರಣ ಈ ಔಷಧವು ಕೆಲವರಿಗೆ ಒಗ್ಗುವುದಿಲ್ಲ. ಮೈಯೆಲ್ಲ ದದ್ದು, ನವೆ, ಚಳಿ, ಉಸಿರು ಕಟ್ಟುವುದು, ರಕ್ತದ ಒತ್ತಡವು ಇಳಿಯುವುದು ಮುಂತಾದ ಉಪದ್ರವಗಳು ಆಗಬಹುದು. ವೈದ್ಯರು ಅಡ್ರಿನಲಿನ್ ಔಷಧವನ್ನು ಕೈಯಲ್ಲಿ ಸಿದ್ಧವಾಗಿಟ್ಟುಕೊಂಡೇ ಇದನ್ನು ಕೊಡುವರು. ಕಡಿದ ಹಾವುಗಳೆಲ್ಲ ವಿಷದವಲ್ಲ. ವಿಷದ ಹಾವು ಕಡಿದಾಗಲೂ ಕೆಲವು ವೇಳೆ ವಿಷವು ಒಳಗಿಳಿಯುವುದಿಲ್ಲ. ಆದಕಾರಣ ಕಡಿತವಾಯಿತೆಂದ ಮಾತ್ರಕ್ಕೆ ಎಲ್ಲರಿಗೂ ಪ್ರತಿವಿಷವನ್ನು ಚುಚ್ಚುವುದು ಸರಿಯಲ್ಲ. ‘ಆಸ್ಪತ್ರೆಗೆ ಹೋದರೂ ಔಷಧ ಕೊಡಲಿಲ್ಲ, ಸುಮ್ಮನೆ ಕೂರಿಸಿದರು’ ಎಂದು ಜನರು ಗೊಣಗುವುದುಂಟು. ಆ ಸುಮ್ಮನೆ ಕೂರಿಸಿದ ಹೊತ್ತಿನಲ್ಲಿ ಕೊಳವೆಯೊಂದು ಮೇಜಿನ ಮೇಲೆ ನಿಂತಿದ್ದರೆ ಗೊಣಗಬೇಕಾದುದಿಲ್ಲ.

ಮೊದಲ ಪರೀಕ್ಷೆಯಲ್ಲಿ ರಕ್ತವು ಹೆಪ್ಪುಗಟ್ಟಿದರೆ ಅಷ್ಟಕ್ಕೇ ರೋಗಿಯನ್ನು ಬಿಡತಕ್ಕದ್ದಲ್ಲ. ವಿಷವು ಕಡಿದ ಜಾಗದಿಂದ ನಿಧಾನವಾಗಿ ರಕ್ತಕ್ಕೆ ಸೇರುತ್ತಿರಬಹುದು. ಆದ್ದರಿಂದ ಮೊದಲ ಮೂರು ಗಂಟೆಗಳ ಕಾಲ ಗಂಟೆಗೊಮ್ಮೆಯೂ, ಅಲ್ಲಿಂದ ಮುಂದೆ 24 ಗಂಟೆಗಳಾಗುವವರೆಗೆ ಆರು ಗಂಟೆಗೊಮ್ಮೆಯೂ ಪರೀಕ್ಷೆಯನ್ನು ಮರಳಿ ಮಾಡುವ ಪದ್ಧತಿಯಿದೆ. ಮೊದಲ ಕೊಳವೆಯಲ್ಲಿ ಗಟ್ಟಿಯಾದ ರಕ್ತವು ನಾಲ್ಕನೆಯದರಲ್ಲಿ ನೀರಾಗಿ ಹರಿಯಬಹುದು. ಮೊದಲ ಫಲವನ್ನು ಕೇಳಿ ಸಂತೋಷಪಟ್ಟು ರೋಗಿಯನ್ನು ಎಬ್ಬಿಸಿಕೊಂಡು ಊರಿಗೆ ಹೊರಟುಬರುವುದು ಅತ್ಯಂತ ಅಪಾಯಕರವಾದ ಕೆಲಸ.

ರಕ್ತವು ಹೆಪ್ಪುಗಟ್ಟದಿದ್ದರೆ ಕೂಡಲೇ ಪ್ರತಿವಿಷವನ್ನು ಪ್ರಾರಂಭಿಸುವರು. ಸಾಮಾನ್ಯವಾಗಿ ಮೊದಲಿಗೆ 8ರಿಂದ 10 ಸೀಸೆಗಳನ್ನು ಕೊಡುವರು. ಈ ಲೆಕ್ಕವು ಬಂದ ಬಗೆಯನ್ನು ತಿಳಿದರೆ ಅದು ಹೆಚ್ಚೆಂದು ತೋರದು. ಕೊಳಕುಮಂಡಲವು ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷವನ್ನು ಬಿಡುವುದೆಂದು ಎಣಿಸಿದ್ದಾರೆ. ಪ್ರತಿವಿಷದ ಒಂದು ಮಿಲಿಲೀಟರು ಈ ವಿಷದಲ್ಲಿ 0.6 ಮಿಲಿಗ್ರಾಮನ್ನು ಕೊಲ್ಲುವುದು. ಒಂದು ಸೀಸೆಯಲ್ಲಿ 10 ಮಿಲಿಲೀಟರು. ಹತ್ತು ಸೀಸೆಗಳು ಸೇರಿ 60 ಮಿಲಿಗ್ರಾಂ ವಿಷಕ್ಕೆ ಸರಿಯಾಗುವುವು. ಹಾವು ಮಗುವೆಂದು ಕನಿಕರಿಸಿ ಕಡಮೆ ವಿಷವನ್ನು ಬಿಡುವುದಿಲ್ಲವಾದುದರಿಂದ ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣವನ್ನು ಕೊಡುವರು. ಇದನ್ನು ಕಂಡು ಮಗುವಿನ ತಂದೆತಾಯಿಗಳು ಗಾಬರಿಪಡುವುದು ಸಹಜ; ತಿಳಿದವರು ಅವರಿಗೆ ಸಮಾಧಾನ ಹೇಳತಕ್ಕದ್ದು.

ಪ್ರತಿವಿಷವು ವಿಷವನ್ನು ತಡೆಯುವುದೇ ಹೊರತು, ಖರ್ಚಾಗಿ ಹೋದ ಫೈಬ್ರಿನೊಜೆನ್ನನ್ನು ತಂದುಕೊಡುವುದಿಲ್ಲ. ಅದನ್ನು ಹೊಸದಾಗಿ ಮಾಡಬೇಕಾದುದು ರೋಗಿಯ ಪಿತ್ತಜನಕಾಂಗವೇ. ಅದಕ್ಕೆ ಸುಮಾರು ಆರು ಗಂಟೆಗಳು ಬೇಕು. ಆದುದರಿಂದಲೇ ಔಷಧವನ್ನು ಕೊಟ್ಟು ಆರು ಗಂಟೆಗಳಾದ ಮೇಲೆ ಮತ್ತೆ ಕೊಳವೆಯ ಪರೀಕ್ಷೆಯನ್ನು ಮಾಡುವರು. ಆಗಲೂ ರಕ್ತವು ನೀರಾಗಿಯೇ ಇದ್ದರೆ ಮೈಯಲ್ಲಿ ವಿಷವು ಉಳಿದಿದೆಯೆಂದು ತಿಳಿದು ಇನ್ನೊಂದು ಪ್ರಮಾಣವನ್ನು ಕೊಡುವರು. ಬಹುಮಟ್ಟಿಗೆ ಒಟ್ಟು 30 ಸೀಸೆಗಳನ್ನು ಮೀರುವ ಪ್ರಸಂಗವು ಬರುವುದಿಲ್ಲ. ಆರು ಗಂಟೆಗೆ ಮೊದಲೇ ‘ಇನ್ನೂ ಕೊಡಿ’ ಎಂದು ಅವಸರಪಡಿಸುವುದರಿಂದ ಬೇರೊಬ್ಬ ರೋಗಿಗೆ ದೊರೆಯಬೇಕಾದ ಔಷಧವು ವ್ಯರ್ಥವಾದೀತೇ ಹೊರತು ಪ್ರಯೋಜನವಿಲ್ಲ. ರಕ್ತವು ಒಮ್ಮೆ ಸರಿಹೋದ ಮೇಲೂ ಉಳಿದ ವಿಷವು ಹೊರಬಂದು ಮತ್ತೆ ಕೆಡುವುದುಂಟು. ಅದಕ್ಕಾಗಿ ಮಾರನೆಯ ದಿನವೂ ನೋಡುತ್ತಿರುವರು.

ಪರೀಕ್ಷೆಯು ತಿಳಿಸದಿರುವ ಸಂಗತಿಗಳು

ಈ ಪರೀಕ್ಷೆಯನ್ನು ಎಲ್ಲ ಹಾವುಗಳಿಗೂ ಅಳತೆಗೋಲೆಂದು ಭಾವಿಸುವುದು ದೊಡ್ಡ ತಪ್ಪು. ನಾಗರಹಾವು, ಕಟ್ಟುಹಾವುಗಳ ವಿಷವು ಇದರಲ್ಲಿ ಗೊತ್ತಾಗುವುದಿಲ್ಲ. ಕಟ್ಟುಹಾವು ರಾತ್ರಿಯ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಡಿಯುವುದು ಹೆಚ್ಚು. ನೋವಾಗಲಿ ಊತವಾಗಲಿ ಇಲ್ಲದಿರುವುದರಿಂದ ಎಷ್ಟೋ ವೇಳೆ ಕಡಿದುದೇ ತಿಳಿಯದು. ಬೆಳಗಿನ ಜಾವದಲ್ಲಿ ಹೊಟ್ಟೆನೋವೆಂದು ಎದ್ದವನ ರೆಪ್ಪೆಗಳು ಇಳಿಬೀಳುತ್ತಿದ್ದರೆ ಕೊಳವೆಯಲ್ಲಿ ರಕ್ತವು ಕಲ್ಲಿನಂತೆ ಗಟ್ಟಿಯಾಗಿದ್ದರೂ ಅವನು ಪ್ರಾಣಾಪಾಯದಲ್ಲಿರುವನು. ಇದಕ್ಕೆ ಪ್ರತಿಯಾಗಿ, ದಕ್ಷಿಣ ಭಾರತದ ಮತ್ತು ಸಿಂಹಳದ ಕೊಳಕುಮಂಡಲಗಳ ವಿಷವು ರಕ್ತದೊಡನೆ ನರಗಳನ್ನೂ ಸ್ವಲ್ಪ ಕೆಡಿಸುವುದುಂಟು. ರೆಪ್ಪೆ ಬಿದ್ದಿತೆಂದೊಡನೆ ಅದು ನಾಗರಹಾವೆಂದು ನಿಶ್ಚಯಿಸಲಾಗದು.

ಮಂಡಲದ ಕಡಿತದಲ್ಲಿಯೂ ಪರೀಕ್ಷೆಯು ತಪ್ಪುವುದುಂಟು. 2013ರಲ್ಲಿ ಸಿಂಹಳದಿಂದ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ನಿಜವಾಗಿ ರಕ್ತವು ಕೆಟ್ಟಿದ್ದ ಕೊಳಕುಮಂಡಲದ ರೋಗಿಗಳಲ್ಲಿ ನೂರಕ್ಕೆ 40 ಮಂದಿಯನ್ನು ಮಾತ್ರ ಈ ಪರೀಕ್ಷೆಯು ಗುರುತಿಸಿತು. ಅದೇ ದೇಶದಲ್ಲಿ ಅನಂತರ ಕೊಳವೆಯ ಅಗಲವನ್ನೂ ರಕ್ತದ ಪ್ರಮಾಣವನ್ನೂ ಗೊತ್ತುಮಾಡಿಕೊಂಡು ಎಚ್ಚರಿಕೆಯಿಂದ ಮಾಡಿದಾಗ ನೂರಕ್ಕೆ ಸುಮಾರು 80 ಮಂದಿ ಗುರುತಿಗೆ ಬಂದರು. ಪರೀಕ್ಷೆಯ ಬೆಲೆಯು ಮಾಡುವವರ ಕೈಯ ಶ್ರದ್ಧೆಯಲ್ಲಿದೆಯೆಂದು ಇದರಿಂದ ಹೇಳಬಹುದು. ರಕ್ತವು ಹೆಪ್ಪುಗಟ್ಟಲಿಲ್ಲವೆಂಬ ಫಲವನ್ನು ಸಾಮಾನ್ಯವಾಗಿ ನಂಬಬಹುದು. ಹೆಪ್ಪುಗಟ್ಟಿತೆಂಬ ಫಲವನ್ನು ಅಷ್ಟು ಸುಲಭವಾಗಿ ನಂಬಲಾಗದು. ದೊಡ್ಡ ಆಸ್ಪತ್ರೆಗಳಲ್ಲಿ ಯಂತ್ರಗಳಿಂದ ಇನ್ನೂ ಸೂಕ್ಷ್ಮವಾದ ಪರೀಕ್ಷೆಗಳನ್ನು ಮಾಡುತ್ತಾರೆ. ಅವು ದೊರೆಯುವಲ್ಲಿ ಎರಡನ್ನೂ ಕೂಡಿಸಿ ನೋಡುವುದೇ ಮೇಲು.

ಮಲೆನಾಡಿನ ಮತ್ತು ಕೊಡಗಿನ ತೋಟಗಾರರು ಇನ್ನೊಂದು ಮಾತನ್ನು ಗಮನಿಸಬೇಕು. ಪಶ್ಚಿಮ ಘಟ್ಟಗಳಲ್ಲಿ, ಮೂಗಿನ ತುದಿಯು ಮೇಲಕ್ಕೆದ್ದಿರುವ ಒಂದು ಚಿಕ್ಕ ಗುಳಿಮಂಡಲವು ತರಗೆಲೆಗಳ ನಡುವೆ ಇರುತ್ತದೆ. ಇದರ ಕಡಿತದಿಂದಲೂ ರಕ್ತವು ಹೆಪ್ಪುಗಟ್ಟದಂತಾಗಿ ಮೂತ್ರಪಿಂಡಗಳು ಕೆಡಬಹುದೆಂಬುದು ಕೇರಳದ ವೈದ್ಯರ ಅನುಭವದಿಂದ 2007ರಲ್ಲಿ ಬೆಳಕಿಗೆ ಬಂದಿತು. ಈಗಿರುವ ಪ್ರತಿವಿಷವು ಇದಕ್ಕೆ ನಾಟುವುದಿಲ್ಲ. ಕಾಫಿ, ಏಲಕ್ಕಿ ತೋಟದಲ್ಲಿ ಕಡಿತವಾಗಿ, ಪ್ರತಿವಿಷವನ್ನು ಕೊಟ್ಟರೂ ಕೊಳವೆಯಲ್ಲಿ ರಕ್ತವು ನೀರಾಗಿಯೇ ಉಳಿದರೆ ಇದರ ಸಂದೇಹವನ್ನು ಮಾಡತಕ್ಕದ್ದು. ಆದ್ದರಿಂದ ಕಡಿತವಾದ ಸ್ಥಳವು ಗದ್ದೆಯೋ ತೋಟವೋ ಕಾಡಂಚೋ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಗ್ರಾಮದಲ್ಲಿ ಆಗಬೇಕಾದ ಕೆಲಸ

ರಕ್ತವು ಹೆಪ್ಪುಗಟ್ಟದ ಮೈಯ ಮೇಲೆ ಕತ್ತಿಯಾಡಿಸಿದರೆ ಏನಾಗುವುದೆಂಬುದನ್ನು ಮೇಲಿನ ವಿವರಣೆಯಿಂದ ಯಾರಾದರೂ ಊಹಿಸಬಹುದು. ಕಡಿದ ಜಾಗವನ್ನು ಕೊಯ್ದು ವಿಷವನ್ನು ಹಿಂಡುವ ಹಳೆಯ ರೂಢಿಯು ಮಂಡಲದ ಕಡಿತದಲ್ಲಿ ವಿಷಕ್ಕಿಂತ ಮುಂಚೆಯೇ ಪ್ರಾಣವನ್ನು ತೆಗೆಯಬಹುದು. ಹಗ್ಗದಿಂದ ಬಿಗಿಯಾಗಿ ಕಟ್ಟುವುದರಿಂದ ವಿಷವು ನಿಲ್ಲುವುದಿಲ್ಲ. ಕಟ್ಟಿದ ಭಾಗವು ಕೊಳೆಯುವುದು ಮಾತ್ರ ಶೀಘ್ರವಾಗುವುದು. ಯಾರಾದರೂ ಅವಸರದಲ್ಲಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಒಮ್ಮೆಗೇ ಬಿಚ್ಚದೆ ಆಸ್ಪತ್ರೆಯಲ್ಲಿಯೇ ಬಿಚ್ಚಿಸತಕ್ಕದ್ದು. ಗಾರುಡಿಗರ ಮಂತ್ರದಿಂದ ಬದುಕಿದವರ ಕಥೆಗಳು ಪ್ರತಿಯೊಂದು ಊರಿನಲ್ಲಿಯೂ ಇವೆ. ವಿಷವಿಲ್ಲದ ಹಾವು ಕಡಿದವರೂ ವಿಷವಿಳಿಯದ ಕಡಿತದವರೂ ಮಂತ್ರವಿದ್ದರೂ ಬದುಕುವರು, ಇಲ್ಲದಿದ್ದರೂ ಬದುಕುವರು.

ಮಾಡಬೇಕಾದುದು ಸ್ವಲ್ಪವೇ. ರೋಗಿಯನ್ನು ನಡೆಸದೆ ಮಲಗಿಸಿ, ಕಡಿದ ಕೈಯನ್ನಾಗಲಿ ಕಾಲನ್ನಾಗಲಿ ಮುರಿದ ಎಲುಬಿಗೆ ಕಟ್ಟುವಂತೆ ಹಲಗೆಯಿಟ್ಟು ಸಡಿಲವಾಗಿ ಕಟ್ಟಿ, ಅಲುಗದಂತೆ ಇರಿಸಬೇಕು. ಊತವು ಏರುವುದರೊಳಗಾಗಿ ಉಂಗುರ, ಬಳೆ, ಕಾಲುಂಗುರ, ಕಡಗಗಳನ್ನು ತೆಗೆಯಬೇಕು. ಮಂಚದ ಮೇಲೆ ಹೊತ್ತಾದರೂ ಸರಿ, ವಾಹನದ ಬಳಿಗೆ ಸಾಗಿಸಬೇಕು. ಕರ್ನಾಟಕದಲ್ಲಿ 2008ರಿಂದ 108ನೆಯ ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸ್ ಬರುವ ಏರ್ಪಾಡಿದೆ. ಅದು ಬರಲು ತಡವಾಗುವ ಊರುಗಳಲ್ಲಿ ಟ್ರಾಕ್ಟರನ್ನೋ ಕಾರನ್ನೋ ಕೊಡಬಲ್ಲ ಜಮೀನುದಾರರು ಮುಂಗಾರಿಗೆ ಮುಂಚೆಯೇ ತಮ್ಮತಮ್ಮಲ್ಲಿ ಮಾತನಾಡಿಕೊಂಡಿರುವುದು ಒಳ್ಳೆಯದು. ಕಡಿತವಾದ ರಾತ್ರಿ ಬೀಗದಕೈ ಹುಡುಕುವುದಕ್ಕೆ ಹೊತ್ತಿರುವುದಿಲ್ಲ. ಹಾವನ್ನು ಕೊಂದು ತರುವ ಶ್ರಮವು ಬೇಡ. ದೂರದಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಲಾದರೆ ತೆಗೆಯಬಹುದು. ಹಾವು ಯಾವುದೆಂದು ತಿಳಿಯದಿದ್ದರೂ ಕೊಳವೆಯೂ ರೋಗಿಯ ಲಕ್ಷಣಗಳೂ ವೈದ್ಯರಿಗೆ ದಾರಿ ತೋರಿಸುವುವು.

ರೋಗಿಯೊಡನೆ ಹೋಗುವವನು ಬುದ್ಧಿವಂತನೂ ನಿಧಾನಸ್ಥನೂ ಆಗಿರಬೇಕು. ಕಡಿತವಾದ ಹೊತ್ತು ಎಷ್ಟೆಂದೂ, ಅಲ್ಲಿಂದ ಮುಂದೆ ಕಂಡ ಲಕ್ಷಣಗಳು ಯಾವುವೆಂದೂ ಅವನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಆಸ್ಪತ್ರೆಯಲ್ಲಿ ರೋಗಿಯ ಮೂತ್ರವು ಎಷ್ಟು, ಯಾವ ಬಣ್ಣದ್ದು ಎಂಬುದನ್ನು ಗಮನಿಸುತ್ತಿರಲಿ. ಎಲ್ಲಕ್ಕಿಂತ ಹೆಚ್ಚಾಗಿ, ವೈದ್ಯರು ಬಿಡುವವರೆಗೆ, ಕಡಮೆಯೆಂದರೂ ಒಂದು ಹಗಲು ಒಂದು ರಾತ್ರಿ, ಅಲ್ಲಿಯೇ ಇರುವನೆಂಬ ಭರವಸೆಯುಳ್ಳವನನ್ನು ಕಳುಹಿಸಬೇಕು. ಕೂಲಿ ತಪ್ಪುವುದೆಂಬ ಹೆದರಿಕೆಯಿಂದ ಎಷ್ಟೋ ಮಂದಿ ಮಧ್ಯದಲ್ಲಿಯೇ ಎದ್ದುಬರುವರು. ಆ ಎರಡು ದಿನಗಳ ಕೂಲಿಯನ್ನು ಕೊಡುವುದಾಗಿ ಜಮೀನಿನ ಯಜಮಾನರು ಮೊದಲೇ ಹೇಳಿಬಿಟ್ಟರೆ ಆಳು ನಿಶ್ಚಿಂತನಾಗಿ ಮಲಗುವನು.

ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕಾದ ವಿಷಯಗಳ ಪಟ್ಟಿಗೆ ಸೇರಿಸಿತು. ಯಾವ ತಾಲ್ಲೂಕಿನಲ್ಲಿ ಎಷ್ಟು ಕಡಿತಗಳಾಗುವುವೆಂಬುದು ಲೆಕ್ಕಕ್ಕೆ ಬಂದಷ್ಟೂ ಪ್ರತಿವಿಷವನ್ನು ಎಲ್ಲಿ ಎಷ್ಟು ಇಡಬೇಕೆಂಬುದನ್ನು ನಿಶ್ಚಯಿಸುವುದು ಸುಲಭ. ಮನೆಯಲ್ಲಿಯೇ ಸತ್ತವನ ಕಡಿತವು ಆಸ್ಪತ್ರೆಯ ಪುಸ್ತಕಕ್ಕೆ ಏರುವುದಿಲ್ಲ. ಸಮೀಪದ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷವಿದೆಯೇ, ರಾತ್ರಿಯ ಹೊತ್ತು ವೈದ್ಯರಿರುವರೇ, ಇಲ್ಲದಿದ್ದರೆ ಅದಕ್ಕೆ ಹತ್ತಿರದ ಸ್ಥಳವು ಯಾವುದು ಎಂಬುದನ್ನು ಗ್ರಾಮದ ಮುಖ್ಯಸ್ಥರು ಬೇಸಗೆಯಲ್ಲಿಯೇ ವಿಚಾರಿಸಿಟ್ಟುಕೊಳ್ಳಬೇಕು. ಪ್ರತಿವಿಷವನ್ನು ಕೇಳುವಾಗ, ಶುಚಿಯಾದ ಹೊಸ ಗಾಜಿನ ಕೊಳವೆಗಳಿವೆಯೇ ಎಂದೂ ಒಂದು ಮಾತು ಕೇಳಬಹುದು. ಪ್ಲಾಸ್ಟಿಕ್ಕಿನ ಸಾಮಾನುಗಳೇ ತುಂಬಿರುವ ಈ ಕಾಲದಲ್ಲಿ ಕೆಲವು ರೂಪಾಯಿಗಳ ಗಾಜಿನ ಕೊಳವೆಯೇ ಸಿಕ್ಕದಿರುವ ಸಂಭವವುಂಟು. ಅದನ್ನು ಒದಗಿಸುವುದು ಗ್ರಾಮ ಪಂಚಾಯಿತಿಗೆ ಭಾರವಾದ ಕೆಲಸವಲ್ಲ.

ದನಗಳಿಗೂ ಕೊಳಕುಮಂಡಲದ ಕಡಿತವಾಗುವುದುಂಟು. ಮೇಯುವಾಗ ಮೂತಿಗೆ ಕಡಿಸಿಕೊಳ್ಳುವುದೇ ಹೆಚ್ಚು. ಮೂತಿಯು ಊದಿ, ಗಾಯದಿಂದ ರಕ್ತವು ಜಿನುಗುತ್ತಿದ್ದರೆ, ಮೂತ್ರವು ಕೆಂಪಾಗಿದ್ದರೆ, ಪಶುವೈದ್ಯರನ್ನು ಕೂಡಲೇ ಕರೆಸತಕ್ಕದ್ದು. ಅವರೂ ಗಾಜಿನ ಕೊಳವೆಯಲ್ಲಿ ರಕ್ತವನ್ನಿಟ್ಟು ಹೆಪ್ಪುಗಟ್ಟುವುದನ್ನು ನೋಡುವರು, ಅದೇ ಪ್ರತಿವಿಷವನ್ನೇ ಕೊಡುವರು. ಆಗ ಹೋಲಿಕೆಗಾಗಿ ಕೊಟ್ಟಿಗೆಯ ಇನ್ನೊಂದು ಆರೋಗ್ಯವಾದ ದನವನ್ನು ಹಿಡಿದು ನಿಲ್ಲಿಸಿರುವುದು ಅನುಕೂಲ.

ಆಸ್ಪತ್ರೆಯಿಂದ ಮರಳಿದವನನ್ನು ಮುಂದಿನ ಒಂದೆರಡು ವಾರಗಳ ಕಾಲ ಭಾರವಾದ ಕೆಲಸಕ್ಕೆ ಹಚ್ಚಬಾರದು. ಮುಖವು ಊದಿದರೆ, ಮೂತ್ರವು ಕಡಮೆಯಾದರೆ, ಮತ್ತೆ ಎಲ್ಲಿಯಾದರೂ ರಕ್ತ ಕಾಣಿಸಿದರೆ ಅದೇ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು. ಕೊಳಕುಮಂಡಲದ ಕಡಿತದಿಂದ ಬದುಕಿದ ಕೆಲವರಲ್ಲಿ ತಿಂಗಳುಗಳು ಕಳೆದ ಮೇಲೆ ತೀರದ ಆಯಾಸ, ಚಳಿ ತಾಳದಿರುವುದು, ಮೈಯ ಕೂದಲು ಉದುರುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಮುಂತಾದುವು ಕಾಣಬಹುದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಗ್ರಂಥಿಯು ರಕ್ತವು ಕೆಟ್ಟಿದ್ದ ಕಾಲದಲ್ಲಿ ಹಾಳಾಗಿರುವುದೇ ಇದಕ್ಕೆ ಕಾರಣ. ಇಂತಹವರನ್ನು ಸೋಮಾರಿಗಳೆಂದು ಜರೆಯದೆ, ಹಳೆಯ ಕಡಿತದ ಸಂಗತಿಯನ್ನು ತಿಳಿಸಿ ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ತೋರಿಸಿದರೆ, ದಿನಕ್ಕೊಂದೆರಡು ಮಾತ್ರೆಗಳಿಂದ ಅವರು ಮತ್ತೆ ಹೊಲದ ಕೆಲಸಕ್ಕೆ ಬರುವುದು ಸಾಧ್ಯ.